ಮಣಿಗಳು ಒಂದೇ ಗಾತ್ರಕ್ಕೆ ಬರುತ್ತಿಲ್ಲವೇ? ತಪ್ಪು ಫ್ಲಾಸ್ಕಿನಲ್ಲೋ ಅಳತೆಯಲ್ಲೋ ಮೊದಲು ನೋಡಿ

ಧಾರವಾಡದ ನಮ್ಮ ಲ್ಯಾಬಿನಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮಣಿ ಮಾಡಲು ಶುರು ಮಾಡಿದ ಮೊದಲ ವರ್ಷ ಎರಡು ತಿಂಗಳು ಸುಮ್ನೆ ಹಾಳಾದವು. ಗಾತ್ರ ಅಳೆಯುವ ಡಿಎಲ್‌ಎಸ್ ಮೆಷಿನ್ ಪ್ರತಿ ಸಲವೂ ಕಣಗಳಲ್ಲಿ ದೊಡ್ಡವು ಸಣ್ಣವು ಬೆರೆತಿವೆ ಎಂದು ತೋರಿಸುತ್ತಿತ್ತು. ನಾವು ಪ್ರತಿ ಸಲವೂ ಪಾಕ ಬದಲಿಸುತ್ತಿದ್ದೆವು. ಒಂದು ಸಲ ಬಿಸಿ ಜಾಸ್ತಿ, ಒಂದು ಸಲ ಮಣಿಯ ಕಚ್ಚಾವಸ್ತುವಾದ ಸ್ಟೈರೀನ್ ದ್ರವ ಕಡಿಮೆ, ಇನ್ನೊಂದು ಸಲ ಕಲಸುವ ಸ್ಟರರ್ ಜೋರು. ಕೊನೆಗೆ ಬೇರೆ ಊರಿಗೆ ಕಳಿಸಿದ್ದ ಸ್ಯಾಂಪಲ್‌ಗಳ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಫೋಟೊ ಬಂತು. ನೋಡಿದರೆ ಮೊಟ್ಟಮೊದಲ ಬ್ಯಾಚೇ ಎಲ್ಲಕ್ಕಿಂತ ಚೆನ್ನಾಗಿತ್ತು! ಮಣಿಗಳಲ್ಲಿ ಏನೂ ಐಬು ಇರಲಿಲ್ಲ. ಐಬು ಇದ್ದದ್ದು ಕುವೆಟ್ಟಿನ, ಅಂದರೆ ಮೆಷಿನ್ನಿಗೆ ಸ್ಯಾಂಪಲ್ ಹಾಕಿಡುವ ಪುಟ್ಟ ಪಾತ್ರೆಯ, ದೂಳಿನಲ್ಲಿ.

ಅಂದಿನಿಂದ ಎಂ.ಎಸ್ಸಿ. ಹುಡುಗರು "ಸರ, ಮಣಿ ಸರಿ ಬಂದಿಲ್ರಿ" ಎಂದು ಬಂದರೆ ನಾನು ಮೊದಲು ಕೇಳುವುದು ಇಷ್ಟೇ: "ಸರಿ ಬಂದಿಲ್ಲಂತ ಯಾರು ಹೇಳಿದ್ರು? ಕಣ್ಣೋ, ಮೆಷಿನ್ನೋ?" ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ. ಮೊದಲು ಅಳತೆಯನ್ನು ಅನುಮಾನಿಸುವುದು. ಅಲ್ಲಿ ತಪ್ಪಿಲ್ಲ ಎಂದು ಗೊತ್ತಾದ ಮೇಲೆ ಫ್ಲಾಸ್ಕಿಗೆ ಬರುವುದು.

ನಾವು ಮಾಡುವ ಪಾಕ

ಪಾಕ ಗೊತ್ತಿಲ್ಲದೆ ಐಬು ಹುಡುಕಲು ಆಗುವುದಿಲ್ಲ. ನಮ್ಮದು ಸೋಪಿನಂಥ ಸರ್ಫ್ಯಾಕ್ಟಂಟ್ ಯಾವುದನ್ನೂ ಹಾಕದ ಎಮಲ್ಷನ್ ಪಾಲಿಮರೀಕರಣ, ಅಂದರೆ ಸ್ಟೈರೀನನ್ನು ನೀರಿನಲ್ಲಿ ಕಲಸುತ್ತಾ ಅದರ ಅಣುಗಳನ್ನು ಉದ್ದ ಸರಪಳಿಯಾಗಿ (ಪಾಲಿಮರ್) ಜೋಡಿಸುವುದು. 500 ಮಿ.ಲೀ. ಫ್ಲಾಸ್ಕಿನಲ್ಲಿ 250 ಮಿ.ಲೀ. ಶುದ್ಧ ನೀರು, ಅದಕ್ಕೆ 25 ಮಿ.ಲೀ. ತೊಳೆದ ಸ್ಟೈರೀನ್. ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ, 70 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಸ್ವಲ್ಪ ನೀರಿನಲ್ಲಿ ಕರಗಿಸಿದ 0.2 ಗ್ರಾಂ ಪೊಟ್ಯಾಸಿಯಂ ಪರ್ಸಲ್ಫೇಟ್ (ಕ್ರಿಯೆ ಶುರು ಮಾಡಿಸುವ ಲವಣ) ಹಾಕುತ್ತೇವೆ. ಮೇಲಿನಿಂದ ತಿರುಗುವ ಪ್ಯಾಡಲ್ ನಿಮಿಷಕ್ಕೆ 350 ಸುತ್ತು. 24 ಗಂಟೆ. ಎಲ್ಲ ಸರಿಹೋದರೆ ಸುಮಾರು ಅರ್ಧ ಮೈಕ್ರೋಮೀಟರಿನ ಮಣಿಗಳು ಬರುತ್ತವೆ. ಕೆಲಸವೆಲ್ಲ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಆಗಬೇಕು. ಸ್ಟೈರೀನ್ ಆವಿ ಒಳ್ಳೆಯದಲ್ಲ, ಫ್ಲಾಸ್ಕ್ ಬಿಸಿ ಇರುವಾಗ ಪೂರ್ತಿ ಮುಚ್ಚುವುದಂತೂ ಬೇಡವೇ ಬೇಡ.

ಸರಿಯಾಗಿ ನಡೆಯುವ ಬ್ಯಾಚ್ ಕಣ್ಣಿಗೇ ಗೊತ್ತಾಗುತ್ತದೆ. ಪರ್ಸಲ್ಫೇಟ್ ಹಾಕಿದ ಸುಮಾರು ಒಂದು ಗಂಟೆಯೊಳಗೆ ನೀರಿಗೆ ತೆಳು ನೀಲಿ ಮಬ್ಬು ಬರುತ್ತದೆ, ಬಿಸಿಲಿನಲ್ಲಿ ಬೀಡಿ ಹೊಗೆ ಕಂಡ ಹಾಗೆ. ಆಮೇಲೆ ನೀರು ಬೆರೆಸಿದ ಹಾಲು. ಸಂಜೆಗೆ ಗಟ್ಟಿ ಎಮ್ಮೆ ಹಾಲು. ಮಣಿ ತುಂಬಿದ ಈ ಹಾಲನ್ನೇ ಲೇಟೆಕ್ಸ್ ಎನ್ನುತ್ತೇವೆ. ಈ ಮೂರು ಹಂತಗಳ ಗಂಟೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಐಬು ಹುಡುಕುವಾಗ ಈ ಮೂರು ಸಾಲು ಬಹಳ ಸಹಾಯಕ್ಕೆ ಬರುತ್ತವೆ.

ಗಾತ್ರ ಒಂದೇ ಬರುವ ಗುಟ್ಟು ಏನು? ಎಲ್ಲ ಕಣಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಬೇಕು. ಆಮೇಲೆ ಹೊಸದು ಹುಟ್ಟಬಾರದು, ಇದ್ದವೇ ಬೆಳೆಯಬೇಕು. ನಮ್ಮ ಕಡೆ ಹಿಂಗಾರಿ ಜೋಳ ಒಂದೇ ದಿನ ಬಿತ್ತಿದರೆ ಹೊಲ ಒಂದೇ ಎತ್ತರಕ್ಕೆ ಬರುತ್ತದೆ. ಎರಡು ವಾರ ಬಿಟ್ಟು ಸಾಲುಗಳ ನಡುವೆ ಮತ್ತೆ ಬಿತ್ತಿದರೆ? ಫ್ಲಾಸ್ಕಿನಲ್ಲಿ ಆಗುವ ಬಹುಪಾಲು ತೊಂದರೆ ಈ ಎರಡನೇ ಬಿತ್ತನೆಯೇ.

ಇಷ್ಟೆಲ್ಲ ಕಷ್ಟ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಫ್ರಾನ್ಸಿನ ಝಾನ್ ಪೆರಿನ್ 1908ರ ಹೊತ್ತಿಗೆ ಬ್ರೌನಿಯನ್ ಚಲನೆಯನ್ನು (ನೀರಿನಲ್ಲಿ ಸಣ್ಣ ಕಣಗಳ ಅಲೆದಾಟವನ್ನು) ಅಳೆಯಲು ಗ್ಯಾಂಬೋಜ್ ಎಂಬ ಹಳದಿ ಬಣ್ಣದ ಮರದ ಅಂಟಿನ ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ಮತ್ತೆ ಮತ್ತೆ ತಿರುಗಿಸಿ ಬೇರ್ಪಡಿಸಿದರು. ಒಂದು ಕಿಲೋ ಅಂಟು, ತಿಂಗಳುಗಟ್ಟಲೆ ಕೆಲಸ. ಕೈಗೆ ಬಂದ ಒಂದೇ ಗಾತ್ರದ ಕಣಗಳು ಒಂದು ಗ್ರಾಮಿಗೂ ಕಡಿಮೆ. ಅದರಿಂದಲೇ ಅಣುಗಳು ನಿಜವಾಗಿ ಇವೆ ಎಂದು ತೋರಿಸಿ 1926ರಲ್ಲಿ ನೊಬೆಲ್ ಪಡೆದರು. ನಮಗೆ ಈಗ 24 ಗಂಟೆಯಲ್ಲಿ ಇಪ್ಪತ್ತು ಗ್ರಾಂ ಸಿಗುತ್ತದೆ. ಒಂದು ಬ್ಯಾಚ್ ಕೆಟ್ಟರೆ ಅಳುತ್ತಾ ಕೂರುವುದು ತರವಲ್ಲ, ಅಲ್ವಾ?

ಮೆಷಿನ್ ಹೇಳಿದ್ದು ನಿಜವೇ

ಮೊದಲು ಮೆಷಿನ್ ಇಲ್ಲದ ಪರೀಕ್ಷೆ. ಲೇಟೆಕ್ಸನ್ನು ಡಯಾಲಿಸಿಸ್ ಟ್ಯೂಬಿನಲ್ಲಿ (ಉಪ್ಪು ಹೊರಬಿಟ್ಟು ಮಣಿ ಉಳಿಸಿಕೊಳ್ಳುವ ಪೊರೆಯ ಕೊಳವೆ) ತುಂಬಿ ಒಂದು ವಾರ ಶುದ್ಧ ನೀರಿನಲ್ಲಿಡಿ, ದಿನಾ ನೀರು ಬದಲಿಸಿ. ಆಮೇಲೆ ಸ್ವಲ್ಪ ಲೇಟೆಕ್ಸನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ತೊಳೆದ ಮಿಕ್ಸೆಡ್‌ಬೆಡ್ ಐಯಾನ್ ಎಕ್ಸ್‌ಚೇಂಜ್ ರೆಸಿನ್ (ಉಳಿದ ಉಪ್ಪನ್ನು ಹೀರುವ ಕಾಳುಗಳು) ಕೂಡಿಸಿ, ಅಲುಗಾಡಿಸದೆ ಬಿಡಿ. ಕೆಲವು ದಿನಗಳಲ್ಲಿ ಬಾಟಲಿಯ ಗೋಡೆಯ ಹತ್ತಿರ ಪಾರಿವಾಳದ ಕೊರಳಿನ ಹಾಗೆ ಹಸಿರು, ಕೆಂಪು, ನೇರಳೆ ಮಿನುಗಿದರೆ ನಿಮ್ಮ ಮಣಿಗಳು ಒಂದೇ ಗಾತ್ರದವು. ಮಣಿಗಳು ತಾವಾಗಿಯೇ ಸಾಲುಗಟ್ಟಿ ಹರಳಿನಂತೆ ಕೂತಾಗ ಮಾತ್ರ ಈ ಬಣ್ಣ ಬರುತ್ತದೆ. ಗಾತ್ರ ಹೆಚ್ಚುಕಡಿಮೆ ಇದ್ದರೆ ಸಾಲು ಕೂರುವುದಿಲ್ಲ. ಬಣ್ಣ ಬರದಿದ್ದರೆ ಮಣಿ ಕೆಟ್ಟಿವೆ ಎಂದೇನೂ ಅಲ್ಲ. ನೀರಿನಲ್ಲಿ ಉಪ್ಪು ಉಳಿದಿರಬಹುದು, ಲೇಟೆಕ್ಸ್ ತೀರಾ ತೆಳುವಾಗಿರಬಹುದು. ಆದರೆ ಬಣ್ಣ ಬಂದಿದ್ದೂ ಡಿಎಲ್‌ಎಸ್ "ಸರಿಯಿಲ್ಲ" ಎಂದರೆ, ನಾನು ಬಣ್ಣವನ್ನೇ ನಂಬುತ್ತೇನೆ.

ಒಂದು ಹನಿಯನ್ನು ಸ್ಲೈಡಿನ ಮೇಲೆ ಒಣಗಿಸಿದರೂ ಅಂಥ ಬಣ್ಣ ಕಾಣುತ್ತದೆ. ಇದಕ್ಕೆ ಐದು ನಿಮಿಷ ಸಾಕು, ಖರ್ಚು ಸೊನ್ನೆ.

ಈಗ ಡಿಎಲ್‌ಎಸ್. ಇದು ಮಣಿಯನ್ನು ನೋಡುವುದೇ ಇಲ್ಲ. ಮಣಿ ನೀರಿನಲ್ಲಿ ಎಷ್ಟು ಬೇಗ ಅಲೆದಾಡುತ್ತದೆ ಎಂದು ಚದುರಿದ ಬೆಳಕಿನ ಮಿನುಗಿನಿಂದ ಲೆಕ್ಕ ಹಾಕುತ್ತದೆ. ಸಣ್ಣದು ಬೇಗ ಓಡಾಡುತ್ತದೆ, ದೊಡ್ಡದು ನಿಧಾನ. ಇದರಲ್ಲಿ ತಪ್ಪು ನುಸುಳುವ ಜಾಗಗಳು ಬಹಳ.

ದೂಳು ಎಲ್ಲಕ್ಕಿಂತ ದೊಡ್ಡ ಕಳ್ಳ. ತೀರಾ ಸಣ್ಣ ಕಣಗಳಲ್ಲಿ ಚದುರುವ ಬೆಳಕು ವ್ಯಾಸದ ಆರನೇ ಘಾತದಂತೆ ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ಬೆಳಕು 64 ಪಟ್ಟು. ನಮ್ಮ ಅರ್ಧ ಮೈಕ್ರೋಮೀಟರ್ ಮಣಿಗಳಿಗೆ ಲೆಕ್ಕ ಅಷ್ಟು ಸರಳವಲ್ಲ, ಆದರೂ ಪಾಠ ಅದೇ. ನಾಲ್ಕೈದು ದೂಳಿನ ಕಣ ಸಾವಿರಾರು ಮಣಿಗಳ ದನಿಯನ್ನು ಮುಚ್ಚಿಬಿಡುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಧಾರವಾಡದಲ್ಲಿ ಕಿಟಕಿ ತೆರೆದಿಟ್ಟು ಡಿಎಲ್‌ಎಸ್ ಮಾಡಿ ನೋಡಿ, ಗೊತ್ತಾಗುತ್ತದೆ. ತೆಳು ಮಾಡುವ ನೀರನ್ನು 0.2 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಕುವೆಟ್ಟನ್ನೂ ಅದೇ ನೀರಿನಿಂದ ಮೂರು ಸಲ ತೊಳೆಯಿರಿ. ಮೊದಲು ಬರೀ ನೀರನ್ನು ಅಳೆಯಿರಿ. ಬರೀ ನೀರಿನಲ್ಲೇ ಬೆಳಕಿನ ಎಣಿಕೆ ಜಿಗಿದಾಡಿದರೆ ಮುಂದಿನದು ಅಳೆಯುವುದೇ ದಂಡ.

ಸೋಸಬೇಕಾದದ್ದು ನೀರು, ಲೇಟೆಕ್ಸ್ ಅಲ್ಲ. ಒಬ್ಬ ಹುಡುಗ ಶ್ರದ್ಧೆಯಿಂದ 600 ನ್ಯಾನೊಮೀಟರ್ ಮಣಿಗಳನ್ನೇ 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿದ. ಮಣಿಗಳೆಲ್ಲ ಫಿಲ್ಟರಿನಲ್ಲೇ ಉಳಿದವು, ಮೆಷಿನ್ನಿಗೆ ಹೋದದ್ದು ತಿಳಿನೀರು. ವರದಿಯಲ್ಲಿ ಮಾತ್ರ ಏನೇನೋ ಸಂಖ್ಯೆ ಬಂದಿತ್ತು. ಈ ಮೆಷಿನ್ನುಗಳ ದೊಡ್ಡ ದುರ್ಗುಣ ಇದೇ. ಏನೂ ಇಲ್ಲದಿದ್ದರೂ ಏನೋ ಒಂದು ಸಂಖ್ಯೆ ಕೊಟ್ಟೇ ಕೊಡುತ್ತವೆ.

ಸ್ಯಾಂಪಲ್ ಗಟ್ಟಿಯಾಗಿದ್ದರೆ ಬೆಳಕು ಒಂದು ಮಣಿಯಿಂದ ಇನ್ನೊಂದಕ್ಕೆ ಚಿಮ್ಮಿ ಚಿಮ್ಮಿ ಹೊರಬರುತ್ತದೆ. ಆಗ ಗಾತ್ರ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಒಂದೇ ಲೇಟೆಕ್ಸನ್ನು ಎರಡೆರಡು ಪಟ್ಟು ತೆಳು ಮಾಡುತ್ತಾ ನಾಲ್ಕು ಸಲ ಅಳೆಯಿರಿ. ಸಂಖ್ಯೆ ಬದಲಾಗದೆ ನಿಂತ ಜಾಗವೇ ಸರಿಯಾದ ಜಾಗ. ತೀರಾ ಉಪ್ಪಿಲ್ಲದ ನೀರೂ ಒಳ್ಳೆಯದಲ್ಲ. ಮಣಿಯ ಸುತ್ತ ವಿದ್ಯುತ್ ಪದರ ಹರಡಿಕೊಂಡು ಅದು ನಿಧಾನಕ್ಕೆ ಅಲೆದಾಡುತ್ತದೆ, ಮೆಷಿನ್ನಿಗೆ ದಪ್ಪ ಕಾಣುತ್ತದೆ. 10 ಮಿಲಿಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ತೆಳು ಮಾಡಿದರೆ ಈ ಕಾಟ ತಪ್ಪುತ್ತದೆ.

ಉಷ್ಣತೆ ಮರೆಯಬೇಡಿ. 25 ಡಿಗ್ರಿಯ ಹತ್ತಿರ ನೀರಿನ ಸ್ನಿಗ್ಧತೆ ಒಂದು ಡಿಗ್ರಿಗೆ ಸುಮಾರು ಶೇ. 2ರಷ್ಟು ಬದಲಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಲೇಟೆಕ್ಸನ್ನು ಸೀದಾ ಮೆಷಿನ್ನಿಗೆ ಹಾಕಿ, ಅದು 25 ಡಿಗ್ರಿ ಎಂದುಕೊಂಡು ಲೆಕ್ಕ ಹಾಕಿದರೆ ಗಾತ್ರ ಜಾಸ್ತಿ ಬರುತ್ತದೆ. ಕುವೆಟ್ ಒಳಗಿಟ್ಟು ಐದು ನಿಮಿಷ ಸುಮ್ಮನೆ ಕಾಯಿರಿ.

ಇನ್ನು ಪಿಡಿಐ ಎಂಬ ಸಂಖ್ಯೆ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಹುಡುಗರು "ಸರ, ಪಿಡಿಐ 0.02 ಬಂತ್ರಿ, ಭಾರಿ ಛಲೋ" ಎಂದು ಪೇಡಾ ಡಬ್ಬಿ ತರುತ್ತಾರೆ. ಪೇಡಾ ತಿಂದ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಪಿಡಿಐ ಅಂದರೆ ಸುಮಾರಾಗಿ ಗಾತ್ರದ ಹರಡುವಿಕೆಯನ್ನು ಸರಾಸರಿಯಿಂದ ಭಾಗಿಸಿ ವರ್ಗ ಮಾಡಿದ್ದು. 0.02ರ ವರ್ಗಮೂಲ 0.14. ಅಂದರೆ ಶೇ. 14 ಹೆಚ್ಚುಕಡಿಮೆ. ನಮಗೆ ಬೇಕಾದದ್ದು ಶೇ. 5ರೊಳಗೆ. ಅದರ ಪಿಡಿಐ 0.0025 ಆಗಬೇಕು. ಅಷ್ಟು ಸೂಕ್ಷ್ಮವನ್ನು ಡಿಎಲ್‌ಎಸ್‌ನಿಂದ ನಂಬಿಕೆಯಿಂದ ಹೇಳಲು ಆಗುವುದಿಲ್ಲ. ಶೇ. 3ರ ಬ್ಯಾಚಿಗೂ ಶೇ. 8ರ ಬ್ಯಾಚಿಗೂ ಅದು ಒಂದೇ ಥರದ ಸರ್ಟಿಫಿಕೇಟ್ ಕೊಟ್ಟುಬಿಡಬಹುದು. ಡಿಎಲ್‌ಎಸ್ ಇರುವುದು ಸರಾಸರಿ ಗಾತ್ರಕ್ಕೆ, ಗಂಟು ಕಟ್ಟಿದೆಯೇ ಎಂದು ನೋಡುವುದಕ್ಕೆ. ಒಂದೇ ಗಾತ್ರವೇ ಎಂಬ ತೀರ್ಪಿಗೆ ಫೋಟೊ ತೆಗೆದು ಎಣಿಸಲೇಬೇಕು.

ಫೋಟೊ ಕೂಡ ಸುಳ್ಳು ಹೇಳುತ್ತದೆ

ಎಸ್‌ಇಎಂಗೆ ಮುಂಚೆ ಮಣಿಗಳ ಮೇಲೆ ಚಿನ್ನದ ತೆಳು ಪದರ ಕೂರಿಸುತ್ತಾರೆ. ಪದರ 10 ನ್ಯಾನೊಮೀಟರ್ ಇದ್ದರೆ ವ್ಯಾಸಕ್ಕೆ ಎರಡೂ ಕಡೆಯಿಂದ 20 ಕೂಡುತ್ತದೆ. 500ರ ಮಣಿಗೆ ಅದು ಶೇ. 4. ಡಿಎಲ್‌ಎಸ್‌ಗೂ ಎಸ್‌ಇಎಂಗೂ ಗಾತ್ರ ಹೊಂದುತ್ತಿಲ್ಲ ಎಂದು ಜಗಳಕ್ಕೆ ಬೀಳುವ ಮೊದಲು ಪದರ ಎಷ್ಟು ಎಂದು ಆಪರೇಟರನ್ನು ಕೇಳಿ. ಒಂದೇ ಜಾಗದಲ್ಲಿ ಎಲೆಕ್ಟ್ರಾನ್ ಕಿರಣ ಹೆಚ್ಚು ಹೊತ್ತು ನಿಂತರೆ ಪಾಲಿಸ್ಟೈರೀನ್ ಆಕಾರ ಕೆಡುತ್ತದೆ. ಫೋಕಸ್ ಒಂದು ಜಾಗದಲ್ಲಿ ಮಾಡಿ, ಫೋಟೊ ಪಕ್ಕದ ಜಾಗದಲ್ಲಿ ತೆಗೆಯಲು ಹೇಳಿ.

ಎಲ್ಲ ಮಣಿಗಳೂ ಒಂದೇ ದಿಕ್ಕಿಗೆ ಮೊಟ್ಟೆಯ ಹಾಗೆ ಉದ್ದವಾಗಿ ಕಂಡರೆ ಅದು ಮಣಿಯ ಐಬಲ್ಲ, ಸ್ಟೇಜ್ ಸರಿದಿದೆ ಅಥವಾ ಸ್ಯಾಂಪಲ್ ಚಾರ್ಜ್ ಆಗಿದೆ. ಬೇರೆ ಬೇರೆ ದಿಕ್ಕಿಗೆ ಉದ್ದವಾಗಿದ್ದರೆ ಆಗ ಚಿಂತೆ ಮಾಡಿ. ಮಣಿಗಳ ನಡುವೆ ಅಂಟಿನ ಎಳೆಯಂತೆ ಕಂಡರೆ ಡಯಾಲಿಸಿಸ್ ಸಾಲದು. ಉಳಿದ ಉಪ್ಪು ಮತ್ತು ಸಣ್ಣ ಪಾಲಿಮರ್ ತುಣುಕುಗಳು ಒಣಗಿ ಹಾಗೆ ಕಾಣುತ್ತವೆ.

ಕನಿಷ್ಠ 200 ಮಣಿ ಎಣಿಸಿ. ಚಂದ ಕಂಡ ಜಾಗದ್ದಷ್ಟೇ ಅಲ್ಲ, ಹನಿಯ ಅಂಚಿನದು, ನಡುವಿನದು, ಎಲ್ಲ ಕಡೆಯದು. ಒಣಗುವ ಹನಿ ತಾನೇ ಮಣಿಗಳನ್ನು ಅಂಚಿಗೆ ಎಳೆದುಕೊಂಡು ಹೋಗುತ್ತದೆ, ಕೆಲವೊಮ್ಮೆ ಗಾತ್ರದ ಪ್ರಕಾರ ಬೇರೆ ಬೇರೆಯೂ ಮಾಡುತ್ತದೆ. ನಮ್ಮಲ್ಲಿ ಒಬ್ಬಳು ಬರೀ ನಡುವಿನದು ಎಣಿಸಿ ಶೇ. 2 ಎಂದು ಬರೆದಿದ್ದಳು. ಸಣ್ಣ ಮಣಿಗಳೆಲ್ಲ ಅಂಚಿಗೆ ಹೋಗಿ ಕೂತಿದ್ದವು!

ಅಳತೆಯ ಪಟ್ಟಿಯನ್ನೇ ಪರೀಕ್ಷಿಸಲು ಗಾತ್ರ ಖಾತ್ರಿಯಾದ ಮಣಿಗಳು ಬೆಲೆಗೆ ಸಿಗುತ್ತವೆ. 1980ರ ದಶಕದಲ್ಲಿ ಅಮೆರಿಕದವರು 10 ಮೈಕ್ರೋಮೀಟರಿನ ಇಂಥ ಮಣಿಗಳನ್ನು ಸ್ಪೇಸ್ ಶಟಲ್‌ನಲ್ಲಿ ಬೆಳೆಸಿ ತಂದು 1985ರಲ್ಲಿ ಮಾರಾಟಕ್ಕಿಟ್ಟರು. ನೆಲದ ಮೇಲೆ ದೊಡ್ಡ ಮಣಿಗಳು ಬೆಳೆಯುವಾಗ ತೇಲುವುದು, ಮುಳುಗುವುದು, ಅಂಟಿಕೊಳ್ಳುವುದು ಇದ್ದದ್ದೇ. ಗುರುತ್ವದ ಕಾಟ ಇಲ್ಲದ ಕಡೆ ಮಾಡೋಣ ಎಂದು ಹೊರಟರು. ನಮ್ಮ ಅರ್ಧ ಮೈಕ್ರೋಮೀಟರ್ ಮಣಿಗೆ ಆ ಭಯವಿಲ್ಲ. ಅದು ನಿಂತ ನೀರಿನಲ್ಲಿ ದಿನಕ್ಕೆ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲ. ನಿಮ್ಮ ಅರ್ಧ ಮೈಕ್ರೋಮೀಟರ್ ಲೇಟೆಕ್ಸ್ ಒಂದೇ ರಾತ್ರಿಯಲ್ಲಿ ತಳಕ್ಕೆ ಕೂತಿದೆ ಎಂದರೆ ಯಾವ ಮೆಷಿನ್ನೂ ಬೇಡ, ಗಂಟು ಕಟ್ಟಿದೆ ಎಂದೇ ಅರ್ಥ.

ಅಳತೆಯಲ್ಲಿ ತಪ್ಪಿಲ್ಲ ಎಂದಾದರೆ ಈಗ ಫ್ಲಾಸ್ಕು.

ಹಾಲು ಒಡೆದ ಹಾಗೆ ಆದರೆ

ಪ್ಯಾಡಲ್ಲಿಗೆ ಬಿಳಿ ಗಡ್ಡೆ, ಗೋಡೆಗೆ ಪೊರೆ, ಕೆಳಗೆ ಮೊಸರು. ನಮ್ಮ ಕಡೆ ಬಹಳ ಜನರಿಗೆ ಬರುವ ತೊಂದರೆ ಇದೇ. ಇದಕ್ಕೆ ಮುಕ್ಕಾಲು ಪಾಲು ನೀರೇ ಕಾರಣ ಎಂದು ನನ್ನ ಅನುಭವ.

ಒಂದು ಬೇಸಿಗೆಯಲ್ಲಿ ಸತತ ಮೂರು ಬ್ಯಾಚ್ ಒಡೆದವು. ಸ್ಟೈರೀನ್ ಹೊಸದು, ಪರ್ಸಲ್ಫೇಟ್ ಹೊಸದು. ಕೊನೆಗೆ ನೀರಿನ ಕ್ಯಾನಿಗೆ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ. ಒಂದೆರಡು ತೋರಿಸಬೇಕಾದ್ದು 80 ತೋರಿಸಿತು.

"ಕಾಕಾ, ಈ ನೀರು ಎಲ್ಲಿಂದು?" ಎಂದು ಲ್ಯಾಬಿನ ಅಟೆಂಡರನ್ನು ಕೇಳಿದೆ.

"ಡಿಸ್ಟಿಲ್ ನೀರು ಸಾಲಲಿಲ್ರಿ ಸರ. ಕರೆಂಟ್ ಇರಲಿಲ್ಲ. ಅದಕ್ಕ ಸ್ವಲ್ಪ ಕುಡಿಯೂ ನೀರು ಕೂಡಿಸೇನ್ರಿ. ಫಿಲ್ಟರ್ ನೀರ ಅದ, ಸ್ವಚ್ಛ ಅದ ಅಲ್ರಿ?"

ಕಾಕಾ ಹೇಳಿದ್ದು ತಪ್ಪೇನಲ್ಲ. ಕುಡಿಯಲು ಅದು ಸ್ವಚ್ಛವೇ. ಮಣಿಗಳಿಗೆ ಅಲ್ಲ.

ಕಾರಣ ಹೀಗಿದೆ. ಪರ್ಸಲ್ಫೇಟ್ ಒಡೆದು ಹುಟ್ಟಿದ ಸಲ್ಫೇಟ್ ತುದಿಗಳು ಮಣಿಯ ಮೈಮೇಲೆ ಕೂರುತ್ತವೆ, ಮಣಿಗೆ ಋಣ ಚಾರ್ಜ್ ಕೊಡುತ್ತವೆ. ಒಂದೇ ಥರದ ಚಾರ್ಜ್ ಇರುವುದರಿಂದ ಮಣಿಗಳು ಒಂದನ್ನೊಂದು ದೂರ ತಳ್ಳುತ್ತವೆ. ನೀರಿನಲ್ಲಿ ಧನ ಐಯಾನ್ ಜಾಸ್ತಿಯಾದರೆ ಆ ತಳ್ಳಾಟ ಮುಚ್ಚಿಹೋಗುತ್ತದೆ, ಮಣಿಗಳು ಅಂಟಿಕೊಳ್ಳುತ್ತವೆ. ಅದರಲ್ಲೂ ಎರಡು ಚಾರ್ಜಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಹಳ ಕೆಟ್ಟವು. ಚಾರ್ಜಿನ ಆರನೇ ಘಾತದ ಹಳೆಯ ನಿಯಮದ ಪ್ರಕಾರ, ಒಂದು ಚಾರ್ಜಿನ ಸೋಡಿಯಂ 64 ಬೇಕಾದ ಕಡೆ ಕ್ಯಾಲ್ಸಿಯಂ ಒಂದೇ ಸಾಕು. ನಿಜವಾದ ಲೇಟೆಕ್ಸಿನಲ್ಲಿ ಅಂತರ ಅಷ್ಟು ಇರದಿದ್ದರೂ ದಿಕ್ಕು ಅದೇ.

ನಮ್ಮ ಬೋರ್ ನೀರಿಗೆ ಇದನ್ನು ಹೊಂದಿಸಿ ನೋಡಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುವುದರಿಂದ 300 ಮಿಲಿಗ್ರಾಂ ಎಂದರೆ 3 ಮಿಲಿಮೋಲಾರ್ ಕ್ಯಾಲ್ಸಿಯಂ. ನಾವು ಹಾಕುವ ಪರ್ಸಲ್ಫೇಟೇ ಸುಮಾರು 3 ಮಿಲಿಮೋಲಾರ್! ಗದಗಿನ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನು ಕೇಳಿ ನಕ್ಕಳು. "ನಮ್ಮೂರ ಬೋರಿನ ನೀರಾಗ ಬ್ಯಾಳಿನೂ ಬೇಯಂಗಿಲ್ರಿ ಸರ, ಮಣಿ ಎಲ್ಲಿ ಆಗತಾವು?" ಬೇಳೆ ಬೇಯದಿರುವುದಕ್ಕೂ ಅದೇ ಕ್ಯಾಲ್ಸಿಯಂ ಕಾರಣ.

ಹಾಗಾಗಿ ಬ್ಯಾಚಿಗೆ ಕೂರುವ ಮುನ್ನ ನೀರಿನ ವಾಹಕತೆ ನೋಡುವುದು ನಮ್ಮಲ್ಲಿ ಕಡ್ಡಾಯ. ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ದಾಟಿದರೆ ಆ ನೀರು ಗಿಡಕ್ಕೆ. ಮೀಟರ್ ಇಲ್ಲದವರು ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕ್ಲೋರೈಡ್ ಇದೆಯೇ ನೋಡಬಹುದು. ಮಬ್ಬಾದರೆ ಬೇಡ. ಡಿಸ್ಟಿಲೇಷನ್ ಪಾತ್ರೆಯಲ್ಲಿ ಬಿಳಿ ಹಕ್ಕಳೆ ಕಟ್ಟಿ, ಕುದಿಯುವಾಗ ನೀರು ಸಿಡಿದು ಆವಿಯ ಜೊತೆ ದಾಟುವುದೂ ಉಂಟು. ಅದನ್ನೂ ನೋಡಿ.

ನೀರು ಸರಿಯಿದ್ದೂ ಒಡೆದರೆ ಕಲಸುವುದನ್ನು ನೋಡಿ. ಸ್ಟರರ್ ತೀರಾ ನಿಧಾನವಾದರೆ ಸ್ಟೈರೀನ್ ಮೇಲೆ ಎಣ್ಣೆಯಂತೆ ನಿಂತು ಅಲ್ಲೇ ಗಟ್ಟಿಯಾಗುತ್ತದೆ. ಅದರ ಸಾಂದ್ರತೆ ಸುಮಾರು 0.9, ನೀರಿಗಿಂತ ಹಗುರ. ತೀರಾ ಜೋರಾದರೆ ಮಣಿಗಳು ಡಿಕ್ಕಿ ಹೊಡೆದು ಗಂಟು ಕಟ್ಟುತ್ತವೆ. ಮ್ಯಾಗ್ನೆಟ್ ಬಿಲ್ಲೆ ಫ್ಲಾಸ್ಕಿನ ತಳಕ್ಕೆ ಉಜ್ಜಿಕೊಂಡು ತಿರುಗುವುದರಿಂದ ಮಣಿಗಳನ್ನು ಅರೆಯುತ್ತದೆ. ನಾನು ಅದನ್ನು ಬಿಟ್ಟೇಬಿಟ್ಟಿದ್ದೇನೆ. ಪರ್ಸಲ್ಫೇಟ್ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಎನ್ನುವವರು ಅದೂ ಉಪ್ಪೇ ಎಂಬುದನ್ನು ಮರೆಯುತ್ತಾರೆ.

ಬಿಳಿ ಆಗಲೇ ಇಲ್ಲ

ಎರಡು ಗಂಟೆಯಾದರೂ ನೀಲಿ ಮಬ್ಬು ಬರಲಿಲ್ಲ ಎನ್ನಿ. ಗಾಬರಿಯಾಗಿ ಇನ್ನಷ್ಟು ಪರ್ಸಲ್ಫೇಟ್ ಸುರಿಯಬೇಡಿ. ಮೊದಲು ಫ್ಲಾಸ್ಕಿನ ಒಳಗೇ ಥರ್ಮಾಮೀಟರ್ ಇಳಿಸಿ. ಹಾಟ್‌ಪ್ಲೇಟ್ 70 ಎಂದು ತೋರಿಸುವಾಗ ಒಳಗೆ 60 ಇರುವುದು ಮಾಮೂಲು, ಡಿಸೆಂಬರ್‌ನ ಬೆಳಗಿನ ಜಾವದಲ್ಲಂತೂ ಇನ್ನೂ ಕಡಿಮೆ. ಪರ್ಸಲ್ಫೇಟ್ ಒಡೆಯುವ ವೇಗಕ್ಕೆ ಹತ್ತು ಡಿಗ್ರಿ ಅಂದರೆ ಬಹಳ.

ಬಿಸಿ ಸರಿಯಿದ್ದರೆ ಆಮ್ಲಜನಕ. ಅದು ಪರ್ಸಲ್ಫೇಟಿನಿಂದ ಹುಟ್ಟಿ ಸರಪಳಿ ಶುರು ಮಾಡುವ ರ‍್ಯಾಡಿಕಲ್‌ಗಳನ್ನು ನುಂಗಿಹಾಕುತ್ತದೆ. ಫ್ಲಾಸ್ಕಿನ ಬಾಯಿಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದ ಕಡೆ ಸೋರಿಕೆ. ನೊರೆ ಹೊರಗೆ ಮಾತ್ರ ಇರಲಿ, ಒಳಗೆ ಹೋದರೆ ಬೇರೆಯೇ ಕಥೆ, ಮುಂದೆ ಹೇಳುತ್ತೇನೆ.

ಮೂರನೆಯದು ಸ್ಟೈರೀನಿನಲ್ಲಿರುವ ತಡೆಕಾರಕ. ಬಾಟಲಿಯಲ್ಲೇ ಗಟ್ಟಿಯಾಗದಿರಲಿ ಎಂದು ಕಂಪನಿಯವರು ಟರ್ಷಿಯರಿ ಬ್ಯುಟೈಲ್ ಕ್ಯಾಟಿಕಾಲ್ ಸೇರಿಸಿರುತ್ತಾರೆ, ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 10ರಿಂದ 15 ಭಾಗ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ನೀರಿನಿಂದ ತೊಳೆದರೆ ಕೆಳಗಿನ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ. ಆಮೇಲೆ ಬರೀ ನೀರಿನಿಂದ ತೊಳೆದು ಕ್ಷಾರದ ಗುರುತೂ ಇಲ್ಲದ ಹಾಗೆ ಮಾಡಿ. ತೊಳೆದ ಸ್ಟೈರೀನನ್ನು ನಾಳೆಗೆಂದು ಇಡಬೇಡಿ, ಅವತ್ತೇ ಬಳಸಿ. ಹಳೆಯ ಬಾಟಲಿಯ ಮೇಲೆ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ನಾಲ್ಕು ಹನಿ ಸ್ಟೈರೀನನ್ನು ಮೆಥನಾಲಿಗೆ ಹಾಕಿ. ತಿಳಿಯಾಗಿಯೇ ಉಳಿದರೆ ಒಳ್ಳೆಯದು. ಮಬ್ಬಾದರೆ ಬಾಟಲಿಯೊಳಗೇ ಪಾಲಿಮರ್ ಆಗಲು ಶುರುವಾಗಿದೆ.

ಕೊನೆಗೆ ಪರ್ಸಲ್ಫೇಟ್. ನಮ್ಮ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಒದ್ದೆಯಾಗಿ ಸತ್ವ ಕಳೆದುಕೊಳ್ಳುತ್ತದೆ. ಹಳೆಯದು, ಹೊಸದು ಎರಡನ್ನೂ ಒಂದೇ ತೂಕಕ್ಕೆ ಕರಗಿಸಿ, ಎರಡಕ್ಕೂ ಪೊಟ್ಯಾಸಿಯಂ ಅಯೋಡೈಡ್, ಸ್ವಲ್ಪ ಪಿಷ್ಟದ ದ್ರಾವಣ ಹಾಕಿ ಪಕ್ಕಪಕ್ಕ ಇಡಿ. ಹೊಸದು ಗಾಢ ನೀಲಿಯಾಗುವ ಹೊತ್ತಿಗೆ ಹಳೆಯದು ತೆಳುವಾಗೇ ಇದ್ದರೆ ಡಬ್ಬಿ ಬದಲಿಸಿ.

ಎರಡನೇ ಬಿತ್ತನೆ

ಫೋಟೊದಲ್ಲಿ 500 ನ್ಯಾನೊಮೀಟರಿನ ಮಣಿಗಳ ನಡುವೆ 150ರ ಪುಟಾಣಿಗಳು ಸಾಸಿವೆ ಚೆಲ್ಲಿದ ಹಾಗೆ ಕಂಡರೆ, ನಡುವೆ ಎಲ್ಲೋ ಹೊಸ ಕಣಗಳು ಹುಟ್ಟಿವೆ. ನಮ್ಮಲ್ಲಿ ಸಿಕ್ಕ ಕಾರಣ ಮುಜುಗರದ್ದು. ಫ್ಲಾಸ್ಕನ್ನು ಬಟ್ಟೆ ಸೋಪಿನ ಪುಡಿಯಲ್ಲಿ ತಿಕ್ಕಿ, ಎರಡೇ ಸಲ ನೀರು ಹಾಯಿಸಿ ಇಟ್ಟಿದ್ದರು. ಉಳಿದ ಆ ಚೂರು ಸೋಪು ಸಾಕು, ಹೊಸ ಪುಟಾಣಿ ಕಣಗಳಿಗೆ ಆಸರೆಯಾಗುತ್ತದೆ. ಪತ್ತೆ ಮಾಡುವುದು ಸುಲಭ. ಖಾಲಿ ಫ್ಲಾಸ್ಕಿಗೆ ಸ್ವಲ್ಪ ಶುದ್ಧ ನೀರು ಹಾಕಿ ಜೋರಾಗಿ ಕುಲುಕಿ. ನೊರೆ ನಿಂತರೆ ಮತ್ತೆ ತೊಳೆಯಿರಿ.

ಸ್ಟೈರೀನನ್ನು ನಡುವೆ ಕೂಡಿಸಿ ಮಣಿ ದಪ್ಪ ಮಾಡುವವರಿಗೂ ಇದೇ ತೊಂದರೆ. ಬೇಗ ಸುರಿದರೆ ಇರುವ ಮಣಿಗಳು ಅಷ್ಟನ್ನೂ ಹೀರಿಕೊಳ್ಳಲಾರವು. ಹನಿಹನಿಯಾಗಿ ಬಿಡಿ. ವ್ಯಾಸ ಎರಡು ಪಟ್ಟು ಬೇಕೆಂದರೆ ಪಾಲಿಮರ್ ಎಂಟು ಪಟ್ಟು ಬೇಕು ಎಂಬ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ.

ರಾತ್ರಿ ಕರೆಂಟ್ ಹೋಗಿ ಬಂದ ಬ್ಯಾಚನ್ನು ನಾನು ನಂಬುವುದಿಲ್ಲ. ಬಿಸಿ ಇಳಿದು ಏರುತ್ತದೆ, ಸ್ಟರರ್ ನಿಂತಾಗ ಸ್ಟೈರೀನ್ ಮೇಲೆ ತೇಲುತ್ತದೆ. ಕೆಲವೊಮ್ಮೆ ಏನೂ ಆಗಿರುವುದಿಲ್ಲ, ಆದರೂ ಬಾಟಲಿಯ ಮೇಲೆ "ಕರೆಂಟ್ ಹೋಗಿತ್ತು" ಎಂದು ಬರೆಯುತ್ತೇನೆ. ಸ್ಟರರನ್ನು ಯುಪಿಎಸ್‌ಗೆ ಹಾಕಿ. ಹಾಟ್‌ಪ್ಲೇಟಿನ ಭಾರವನ್ನು ಸಣ್ಣ ಯುಪಿಎಸ್ ಹೊರುವುದಿಲ್ಲ, ಅದಕ್ಕೆ ದೊಡ್ಡ ನೀರಿನ ಬಾತ್ ಇಟ್ಟರೆ ಬಿಸಿ ಬೇಗ ಇಳಿಯುವುದಿಲ್ಲ.

ಮಣಿಗಳೆಲ್ಲ ಒಂದೇ ಗಾತ್ರ, ಆದರೆ ಹೋದ ತಿಂಗಳು 480, ಈ ತಿಂಗಳು 560 ಎಂದರೆ ಅದು ಬೇರೆ ಐಬು. ಬಿಸಿ ಏರಿದರೆ ಗಾತ್ರ ಇಳಿಯುತ್ತದೆ. ಸ್ಟೈರೀನ್ ಹೆಚ್ಚಿದರೆ ಗಾತ್ರ ಏರುತ್ತದೆ. ಉಪ್ಪು ಹೆಚ್ಚಿದರೂ ಏರುತ್ತದೆ, ಒಂದು ಮಿತಿ ದಾಟಿದರೆ ಒಡೆಯುತ್ತದೆ. ಹಾಗಾಗಿ ಗಾತ್ರ ತಿಂಗಳು ತಿಂಗಳು ಏರುತ್ತಿದ್ದರೆ ನೀರು ಕೆಡುತ್ತಿದೆ ಎಂಬ ಮುನ್ಸೂಚನೆ. ಒಣತೂಕವನ್ನೂ ನೋಡಿ. ನಮ್ಮ ಪಾಕದಲ್ಲಿ ಸ್ಟೈರೀನೆಲ್ಲ ಪಾಲಿಮರ್ ಆದರೆ 100 ಗ್ರಾಂ ಲೇಟೆಕ್ಸಿಗೆ ಸುಮಾರು 8 ಗ್ರಾಂ ಗಟ್ಟಿ ಉಳಿಯಬೇಕು. ಐದೇ ಗ್ರಾಂ ಬಂದರೆ ಕೆಲಸ ಅರ್ಧಕ್ಕೆ ನಿಂತಿದೆ, ಇಲ್ಲವೇ ಉಳಿದದ್ದು ಗಡ್ಡೆಯಾಗಿ ಪ್ಯಾಡಲ್ಲಿಗೆ ಹತ್ತಿದೆ.

ಬಾಟಲಿಯಲ್ಲಿ ಇಟ್ಟ ಮೇಲೆ

ಒಳ್ಳೆಯ ಲೇಟೆಕ್ಸ್ ವರ್ಷಗಟ್ಟಲೆ ಇರುತ್ತದೆ. ಆದರೆ ಜುಲೈ ತಿಂಗಳ ಧಾರವಾಡದಲ್ಲಿ ಹೊರಗಿಟ್ಟರೆ ಬೂಸು ಬರಬಹುದು, ಅದಕ್ಕೆ 4 ಡಿಗ್ರಿಯ ಫ್ರಿಜ್ಜಿನಲ್ಲಿಡಿ. ಕೆಟ್ಟಿದೆಯೇ ಎಂಬ ಅನುಮಾನ ಬಂದಾಗ ಝೀಟಾ ಪೊಟೆನ್ಶಿಯಲ್ (ಮಣಿಯ ಮೈಮೇಲಿನ ಚಾರ್ಜಿನ ಅಂದಾಜು) ಅಳೆಯಬಹುದು, ಪ್ರತಿ ಸಲ ಒಂದೇ ಉಪ್ಪಿನ ನೀರಿನಲ್ಲಿ. ಬರೀ ನೀರಿನಲ್ಲಿ ಅಳೆದರೆ ಇವತ್ತಿನ ಸಂಖ್ಯೆ ನಾಳೆ ಬರುವುದಿಲ್ಲ. ಹೊಸದಿದ್ದಾಗ ಮೈನಸ್ 45 ಮಿಲಿವೋಲ್ಟ್ ಇದ್ದದ್ದು ಮೈನಸ್ 20ಕ್ಕೆ ಬಂದಿದ್ದರೆ ಅದರ ಮೇಲೆ ಹೊಸ ಪ್ರಯೋಗ ಕಟ್ಟಬೇಡಿ.

ಫ್ರಿಜ್ ಎಂದೆ, ಫ್ರೀಜರ್ ಅಲ್ಲ. ಒಮ್ಮೆ ಒಬ್ಬರು "ಇನ್ನೂ ತಣ್ಣಗಿದ್ರ ಇನ್ನೂ ಛಲೋ ಇರತದ" ಎಂದು ಒಂದು ಲೀಟರ್ ಲೇಟೆಕ್ಸನ್ನು ಮೇಲಿನ ಖಾನೆಗೆ ಹಾಕಿದ್ದರು. ಮಂಜುಗಡ್ಡೆ ಬೆಳೆಯುವಾಗ ಮಣಿಗಳನ್ನು ಒಂದರ ಮೇಲೊಂದು ಒತ್ತಿಬಿಡುತ್ತದೆ. ಕರಗಿಸಿದಾಗ ಬಾಟಲಿ ತುಂಬ ಮೊಸರು. ಧ್ವನಿ ಅಲೆಗಳಿಂದ ಕುಲುಕುವ ಸೋನಿಕೇಟರಿನಲ್ಲಿ ಒಂದು ಗಂಟೆ ಇಟ್ಟರೂ ಬಿಡಲಿಲ್ಲ. ಇಂಥದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ. ಒಂದು ಮುಷ್ಟಿ ಉಪ್ಪು ಹಾಕಿ ಉಳಿದದ್ದನ್ನೂ ಪೂರ್ತಿ ಗಡ್ಡೆ ಕಟ್ಟಿಸಿ, ಹಳೆಯ ಬಟ್ಟೆಯಲ್ಲಿ ಸೋಸಿ, ಹುಡ್ ಒಳಗೆ ಒಣಗಿಸಿ ರಾಸಾಯನಿಕ ಕಸದ ಡಬ್ಬಿಗೆ ಹಾಕಿ.